ಪ್ರಶ್ನೋತ್ತರ: ತೂಕ ಇಳಿಸಲು ಉಬ್ಬಸದ ಔಷಧಿ

ಅಡ್ಮಿನ್: ಇವತ್ತು ಸಂಜೆ ಶ್ವಾಸಕೋಶದ ಡಾಕ್ಟರ್ ನಮ್ಮ ಗ್ರೂಪ್‌ನಲ್ಲಿ ಇರ್ತಾರೆ. ವಿಷಯ: ಆಸ್ತಾಲಿನ್ (ಸಾಲ್ಬುಟಮಾಲ್) ಮಾತ್ರೆ, ಮತ್ತೆ 'ಕೊಬ್ಬು ಕರಗಿಸೋ ಡ್ರಾಪ್ಸ್' ಅಂತ ಮಾರ್ತಿರೋ ಕ್ಲೆನ್‌ಬ್ಯುಟೆರಾಲ್. ಒಬ್ಬರಿಗೆ ಒಂದೇ ಪ್ರಶ್ನೆ.

ಹಾಸನದ ಸದಸ್ಯೆ: ನಮಸ್ಕಾರ ಸರ್. ಆಸ್ತಾಲಿನ್ 4 ಎಂಜಿ ಮಾತ್ರೆ ತಗೊಂಡ್ರೆ ಹೊಟ್ಟೆ ಇಳಿಯುತ್ತೆ ಅಂತಾರೆ. ನನಗೆ ಉಬ್ಬಸ ಇಲ್ಲ. ತಗೋಬಹುದಾ?

ಡಾಕ್ಟರ್: ನಮಸ್ಕಾರ ಅಮ್ಮ. ಬೇಡ. ಇನ್‌ಹೇಲರ್‌ನ ಒಂದು ಪಫ್‌ನಲ್ಲಿ ಇರೋದು 100 ಮೈಕ್ರೋಗ್ರಾಂ. 4 ಎಂಜಿ ಮಾತ್ರೆ ಅದರ 40 ಪಟ್ಟು, ಅದೂ ರಕ್ತದ ಮೂಲಕ ಇಡೀ ಮೈಗೆ ಹೋಗುತ್ತೆ. ಕೈ ನಡುಕ, ಎದೆ ಹೊಡ್ಕೊಳ್ಳೋದು, ನಿದ್ದೆಗೇಡು ಬರುತ್ತೆ. ಹೊಟ್ಟೆ ಕರಗಲ್ಲ.

ಮೈಸೂರಿನ ಸದಸ್ಯ: ಸರ್, ತಮ್ಮನಿಗೆ 24 ವರ್ಷ. ಜಿಮ್‌ನಲ್ಲಿ ಯಾರೋ ಕೊಟ್ಟ ಬಾಟಲಿ, ಮೇಲೆ 'ಕ್ಲೆನ್ 200 ಎಂಸಿಜಿ/ಎಂಎಲ್' ಅಂತಿದೆ. ನಿನ್ನೆ ಬೆಳಿಗ್ಗೆ 1 ಎಂಎಲ್ ಕುಡಿದಿದ್ದಾನೆ, ಜೊತೆಗೆ ಅಮ್ಮನ ಥೈರಾಯ್ಡ್ ಮಾತ್ರೆ. ಇವತ್ತೂ ಕೈ ನಡುಗ್ತಿದೆ, ಮೀನಖಂಡ ಹಿಡ್ಕೊಳ್ತಿದೆ, ನಾಡಿ 136. ಗ್ಯಾಸ್ ಅಂತ ಸಿರಪ್ ಕೊಟ್ವಿ. ನಾಳೆ ತೋರಿಸಿದ್ರೆ ಸಾಕಾ?

ಡಾಕ್ಟರ್: ನಾಳೆ ಬೇಡ, ಈಗಲೇ ಹೊರಡಿ. ಇಸಿಜಿ ಇರೋ, ರಕ್ತದ ಪೊಟ್ಯಾಶಿಯಂ ತಕ್ಷಣ ನೋಡೋ ಆಸ್ಪತ್ರೆಗೆ. ಅವನು ಬೈಕ್ ಓಡಿಸಬಾರದು. ತಲೆ ಸುತ್ತಿದ್ರೆ, ಎದೆ ನೋವು ಬಂದ್ರೆ 108.

ಯಾಕೆ ಅವಸರ ಅಂದ್ರೆ: ಈ ಕ್ಲೆನ್‌ಬ್ಯುಟೆರಾಲ್‌ನ ಉಬ್ಬಸಕ್ಕೆ ಕೊಡೋ ದೇಶಗಳಲ್ಲಿ ಒಂದು ಮಾತ್ರೆ 20 ಮೈಕ್ರೋಗ್ರಾಂ. ನಿಮ್ಮ ತಮ್ಮ ಒಂದೇ ಗುಟುಕಿಗೆ 200 ಮೈಕ್ರೋಗ್ರಾಂ (ಎಂಸಿಜಿ), ಅಂದ್ರೆ ಅಂಥ ಹತ್ತು ನುಂಗಿದಾನೆ, ಅದೂ ಬಾಟಲಿ ಮೇಲೆ ಬರೆದಿದ್ದು ನಿಜ ಆಗಿದ್ರೆ. ಕದ್ದು ಮಾರೋ ಬಾಟಲಿಯಲ್ಲಿ ಮಿಲಿಗ್ರಾಂ, ಮೈಕ್ರೋಗ್ರಾಂ ಅದಲು ಬದಲಾದ್ರೆ ಸಾವಿರ ಪಟ್ಟು ವ್ಯತ್ಯಾಸ. ಸಾಲ್ಬುಟಮಾಲ್ ಆದ್ರೆ ಐದಾರು ಗಂಟೆಯಲ್ಲಿ ಅರ್ಧ ಇಳಿಯುತ್ತೆ. ಕ್ಲೆನ್‌ಬ್ಯುಟೆರಾಲ್ ಅರ್ಧ ಆಗೋಕೇ ಸುಮಾರು 35 ಗಂಟೆ. ನಿನ್ನೆ ಕುಡಿದಿದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಇನ್ನೂ ಅವನ ಮೈಯಲ್ಲೇ ಇದೆ. ಥೈರಾಯ್ಡ್ ಮಾತ್ರೆ ಹೃದಯಕ್ಕೆ ಇನ್ನೊಂದು ಚಾಟಿ.

ಮೀನಖಂಡ ಹಿಡ್ಕೊಳ್ಳೋದೇ ನನಗೆ ಚಿಂತೆ. ರಕ್ತದಲ್ಲಿರೋ ಪೊಟ್ಯಾಶಿಯಂನ ಈ ಔಷಧಿ ಜೀವಕೋಶಗಳ ಒಳಗೆ ತಳ್ಳುತ್ತೆ. ರಕ್ತದಲ್ಲಿ ಕಡಿಮೆ ಆದಾಗ ಹೃದಯದ ಬಡಿತ ತಾಳ ತಪ್ಪುತ್ತೆ. ಬಾಟಲಿ, ಥೈರಾಯ್ಡ್ ಸ್ಟ್ರಿಪ್ ಎರಡನ್ನೂ ತಗೊಂಡು ಹೋಗಿ, ಏನನ್ನೂ ಮುಚ್ಚಿಡಬೇಡಿ. ಕಾಫಿ, ಪ್ರೀ-ವರ್ಕೌಟ್ ಪುಡಿ ಬೇಡ. ನಾಡಿ ಇಳಿಸೋಕೆ ಅಂತ ಮನೆಯಲ್ಲಿರೋ ಪ್ರೊಪ್ರನೊಲಾಲ್ ಕೊಡಬೇಡಿ, ಉಬ್ಬಸದ ಗುಣ ಇದ್ರೆ ಉಸಿರೇ ಕಟ್ಟುತ್ತೆ. ಬೇಕಾದ್ರೆ ಅಲ್ಲಿ ಮಾನಿಟರ್ ಹಾಕಿ ನಾಡಿ ಇಳಿಸೋ ಎಸ್ಮೊಲಾಲ್ ಕೊಡ್ತಾರೆ. ನಿಲ್ಲಿಸಿದ ಕೆಲವೇ ನಿಮಿಷದಲ್ಲಿ ಅದರ ಪರಿಣಾಮ ಇಳಿಯುತ್ತೆ, ಅದಕ್ಕೇ ಅದು.

ಮಂಡ್ಯದ ಸದಸ್ಯ: ಬಂದಿದ್ದು ಕಳಿಸ್ತಿದೀನಿ 🙏 'ಕ್ಲೆನ್ ಸೈಡ್ ಎಫೆಕ್ಟ್‌ಗೆ 3 ಎಳನೀರು, 4 ಬಾಳೆಹಣ್ಣು, ಜೀರಿಗೆ ಕಷಾಯ. ಅರ್ಧ ಗಂಟೆಯಲ್ಲಿ ಸರಿಹೋಗುತ್ತೆ.'

ಡಾಕ್ಟರ್: ದಯವಿಟ್ಟು ಇದನ್ನ ಅಳಿಸಿ. ಎಳನೀರು, ಬಾಳೆಹಣ್ಣಲ್ಲಿ ಪೊಟ್ಯಾಶಿಯಂ ಇದೆ ನಿಜ. ಆದ್ರೆ ಇಲ್ಲಿ ಪೊಟ್ಯಾಶಿಯಂ ಮೈಯಿಂದ ಹೊರಗೆ ಹೋಗಿಲ್ಲ, ಜೀವಕೋಶಗಳ ಒಳಗೆ ಸೇರ್ಕೊಂಡಿದೆ. ಔಷಧಿ ಇಳಿದ ಹಾಗೆ ತಾನೇ ವಾಪಸ್ ಬರುತ್ತೆ. ಅಳತೆ ಇಲ್ಲದೆ ತುಂಬಿಸಿದ್ರೆ ಆಮೇಲೆ ವಿಪರೀತ ಏರುತ್ತೆ, ಅದರಿಂದಲೂ ಹೃದಯ ನಿಲ್ಲಬಹುದು. ಅದಕ್ಕಿಂತ ಮುಖ್ಯ, ಆ ಅರ್ಧ ಗಂಟೆ ಎಳನೀರು ಕುಡೀತಾ ಮನೆಯಲ್ಲಿ ಕೂತ್ಕೋತಾರೆ.

ದಾವಣಗೆರೆಯ ಜಿಮ್ ಟ್ರೈನರ್: ಸುಮ್ನೆ ಹೆದರಿಸ್ತಿದೀರಿ ಸರ್. ಡೋಸ್ ತಪ್ಪಿದ್ದು ಆ ಹುಡುಗನದು. ದೊಡ್ಡ ದೊಡ್ಡ ಅಥ್ಲೀಟ್‌ಗಳೇ ತಗೋತಾರೆ.

ತುಮಕೂರಿನ ಔಷಧ ಅಂಗಡಿಯವರು: ತಗೊಂಡು ಏನಾಯ್ತು ಹೇಳಿ. ಸೈಕಲ್ ರೇಸ್‌ನ ಕೊಂಟಡೋರ್ ಮೂತ್ರದಲ್ಲಿ ಕ್ಲೆನ್ ಸಿಕ್ಕಿ 2010ರ ಟೂರ್ ಡಿ ಫ್ರಾನ್ಸ್ ಪಟ್ಟವೇ ಹೋಯ್ತು.

ಟ್ರೈನರ್: ಅದು ದನದ ಮಾಂಸದಿಂದ ಬಂದಿದ್ದು ಅಂತ ಅವರೇ ಹೇಳಿದಾರೆ. ಓದಿ ಮಾತಾಡಿ.

ಔಷಧ ಅಂಗಡಿಯವರು: ಪೂರ್ತಿ ಓದಿ. 2012ರಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನ ಒಪ್ಪಲಿಲ್ಲ, ಕಲಬೆರಕೆ ಸಪ್ಲಿಮೆಂಟ್‌ನಿಂದ ಬಂದಿರೋ ಸಾಧ್ಯತೆ ಹೆಚ್ಚು ಅಂತು. ನೀವು ಡಬ್ಬಿಗಟ್ಟಲೆ ಮಾರೋದೂ ಅದೇ ಅಲ್ವಾ?

ಟ್ರೈನರ್: ಚೀಟಿ ಇಲ್ಲದೆ ಆಸ್ತಾಲಿನ್ ಕೊಡೋರು ಯಾರು? ನಿಮ್ಮಂಥ ಅಂಗಡಿಯವರೇ.

ಔಷಧ ಅಂಗಡಿಯವರು: ನಾಲಿಗೆ ಬಿಗಿಹಿಡಿದು ಮಾತಾಡಿ.

ಶಿವಮೊಗ್ಗದ ಸದಸ್ಯೆ: ಮಗುಗೆ ಹಾಲು ಕುಡಿಸ್ತಿದೀನಿ. ತಿಳೀದೆ ಆಸ್ತಾಲಿನ್ ಎರಡು ದಿನ ತಗೊಂಡೆ. ಏನಾದ್ರೂ ಆಗುತ್ತಾ?

ಡಾಕ್ಟರ್: ಟ್ರೈನರ್‌ಗೆ ಹೇಳ್ತಿದೀನಿ, ಮೇಲೆ ಮಾಂಸದ ಮಾತು ಬಂತಲ್ಲ. ಸ್ಪೇನ್‌ನಲ್ಲಿ 1990ರಲ್ಲಿ ದನದ ಲಿವರ್ ತಿಂದ 135 ಜನಕ್ಕೆ ನಡುಕ, ಎದೆಬಡಿತ ಬಂತು. ಅವರು ಔಷಧಿ ಮುಟ್ಟಿರಲಿಲ್ಲ, ದನಕ್ಕೆ ಕೊಟ್ಟಿದ್ದರಲ್ಲಿ ಉಳಿದಿದ್ದಷ್ಟೇ. 'ಡೋಸ್ ಗೊತ್ತು' ಅನ್ನೋರು ಯೋಚನೆ ಮಾಡಿ. ದನದಲ್ಲಿ ಮಾಂಸ ಹೆಚ್ಚಿ ಕೊಬ್ಬು ಇಳಿದಿದ್ದು ನೋಡಿಯೇ ಜಿಮ್‌ಗೆ ಬಂದ ಚಟ ಇದು.

ಹುಬ್ಬಳ್ಳಿಯ ಸದಸ್ಯ: ಸರ್ ಡೆರಿಫಿಲಿನ್ ತಗೊಂಡ್ರೆ ತೂಕ ಇಳೀತದೇನ್ರಿ?

ಡಾಕ್ಟರ್: ಇಲ್ಲ. ಉಬ್ಬಸಕ್ಕೆ ಅಂತ ತಗೋತಿದ್ರೆ, ಭೇದಿಗೆ ಸಿಪ್ರೊಫ್ಲಾಕ್ಸಾಸಿನ್ ಬರೆಯುವಾಗ ಆ ಡಾಕ್ಟರಿಗೆ ಹೇಳಿ. ಎರಡೂ ಸೇರಿದ್ರೆ ಡೆರಿಫಿಲಿನ್‌ನಲ್ಲಿರೋ ಥಿಯೊಫಿಲಿನ್ ರಕ್ತದಲ್ಲಿ ಏರಿ ವಾಂತಿ, ಫಿಟ್ಸ್ ಬರಬಹುದು.

ಉಡುಪಿಯ ಸದಸ್ಯೆ: ಹಾಗಾದ್ರೆ ನನ್ನ ಅತ್ತೆಯ ಇನ್‌ಹೇಲರ್ ನಿಲ್ಲಿಸ್ಬೇಕಾ?

ಡಾಕ್ಟರ್: ಖಂಡಿತ ನಿಲ್ಲಿಸಬೇಡಿ! ಉಬ್ಬಸ ಇದ್ದೋರಿಗೆ ಅದು ಜೀವ ಉಳಿಸೋದು.

ಕೋಲಾರದ ಸದಸ್ಯ: ಆಸ್ತಾಲಿನ್ 2 ಎಂಜಿ ಆದ್ರೆ ಪರವಾಗಿಲ್ವಾ ಸರ್?

ಡಾಕ್ಟರ್: ಮೇಲೆ ಓದಿ.

ಟ್ರೈನರ್: ನನ್ನ ಪ್ರಶ್ನೆಗೆ ಉತ್ತರ ಇಲ್ಲ, ಬರೀ ಭಾಷಣ.

ಅಡ್ಮಿನ್: ಇಬ್ಬರೂ ಜಗಳ ನಿಲ್ಲಿಸಿ, ಇಲ್ಲಾಂದ್ರೆ ತೆಗೀತೀನಿ.

ಮೈಸೂರಿನ ಸದಸ್ಯ: ಸರ್, ಪೊಟ್ಯಾಶಿಯಂ 2.5 ಅಂತೆ. ಐಸಿಯುಗೆ ಹಾಕಿದ್ರು. ಈಗ ನಾಡಿ 118. ಬೆಳಿಗ್ಗೆ ಮನೆಗೆ ಕರ್ಕೊಂಡು ಹೋಗ್ಬಹುದಾ?

ಡಾಕ್ಟರ್: ಒತ್ತಾಯ ಮಾಡಿ ಕರ್ಕೊಂಡು ಹೋಗಬೇಡಿ. 3.5ರ ಮೇಲೆ ಬಂದು ಅಲ್ಲೇ ನಿಲ್ಲಬೇಕು, ಇಸಿಜಿ ಸರಿ ಆಗಬೇಕು. ಪೊಟ್ಯಾಶಿಯಂನ ಮತ್ತೆ ಮತ್ತೆ ನೋಡ್ತಾರೆ. ಮೆಗ್ನೀಶಿಯಂ, ಟ್ರೊಪೊನಿನ್ (ಹೃದಯಕ್ಕೆ ಪೆಟ್ಟಾಗಿದೆಯಾ ತೋರಿಸೋ ರಕ್ತಪರೀಕ್ಷೆ) ನೋಡಿದಾರಾ ಕೇಳಿ ಇಲ್ಲಿ ಬರೀರಿ.