ಅಲರ್ಜಿ ಇರುವವರಿಗೆ ಇಮ್ಯುನಿಟಿ ಜಾಸ್ತಿ ಅಲ್ವಾ, ಮತ್ತೆ ನ್ಯುಮೋನಿಯಾ ಯಾಕೆ?

ತುಮಕೂರಿನ_ಅಮ್ಮ:
ಮಗನಿಗೆ 9 ವರ್ಷ. ಧೂಳಿನ ಅಲರ್ಜಿ, ಜೊತೆಗೆ ಆಸ್ತಮಾ. ಎರಡು ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಅಂದರು. ಅಲರ್ಜಿ ಅಂದರೆ ರೋಗನಿರೋಧಕ ಶಕ್ತಿ ಅತಿಯಾಗಿ ಕೆಲಸ ಮಾಡುವುದು ಅಂತ ಓದಿದ್ದೆ. ಹಾಗಿದ್ದರೆ ಬ್ಯಾಕ್ಟೀರಿಯಾ ಹತ್ತಿರ ಸುಳಿಯಬಾರದಿತ್ತು ಅಲ್ವಾ? ಅತ್ತೆ ಇನ್ಹೇಲರ್‌ನಿಂದಲೇ ಹೀಗಾಗುತ್ತಿದೆ, ನಿಲ್ಲಿಸು ಅನ್ನುತ್ತಿದ್ದಾರೆ.

ಲ್ಯಾಬ್_ಹುಡುಗ:
ಅಕ್ಕಾ, ಶಕ್ತಿ ಜಾಸ್ತಿ ಅಂತಲ್ಲ, ಅದು ಬೇರೆ ಶತ್ರುವಿಗೆ ಸಿದ್ಧವಾಗಿ ನಿಂತಿದೆ. ಅಲರ್ಜಿಯಲ್ಲಿ ಐಎಲ್-4, ಐಎಲ್-13 ಅನ್ನುವ ಸಂದೇಶ ಪ್ರೋಟೀನ್‌ಗಳು ಹೆಚ್ಚುತ್ತವೆ. ಕಫ ಸುರಿಸು, ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಕರೆಸು ಅನ್ನುವುದು ಅವುಗಳ ಆಜ್ಞೆ. ಹೊಟ್ಟೆಹುಳದ ವಿರುದ್ಧ ಇದು ಸರಿ. ಆದರೆ ಇದೇ ಪ್ರೋಟೀನ್‌ಗಳು ಜಾಸ್ತಿಯಾದಾಗ ಶ್ವಾಸನಾಳದ ಒಳಪದರ ಬ್ಯಾಕ್ಟೀರಿಯಾ ಕೊಲ್ಲುವ ಡಿಫೆನ್ಸಿನ್‌ನಂಥ ವಸ್ತುಗಳನ್ನು ಕಡಿಮೆ ಮಾಡಿಬಿಡುತ್ತದೆ. ಮೇಲಿಂದ ಅಂಟಂಟು ಕಫ ಬೇರೆ, ಅದನ್ನು ಮೇಲಕ್ಕೆ ತಳ್ಳಬೇಕಾದ ಸಣ್ಣ ರೋಮಗಳು ಸೋತುಹೋಗುತ್ತವೆ. ಎಷ್ಟೋ ಸಲ ಮೊದಲು ನೆಗಡಿಯ ವೈರಸ್ ಬಂದು ಒಳಪದರ ಕೆಡಿಸುತ್ತದೆ, ಹಿಂದೆಯೇ ನ್ಯುಮೋನಿಯಾ ತರುವ ನ್ಯುಮೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ನುಗ್ಗುತ್ತದೆ.

ಇಲಿ_ಪ್ರಯೋಗ:
ಸರಿ, ಆದರೆ ಯಾವಾಗಲೂ ಹೀಗೇ ಅಂತ ಹೇಳಬೇಡಿ. 2006ರ ಒಂದು ಪ್ರಯೋಗದಲ್ಲಿ ಅಲರ್ಜಿ ಬರಿಸಿದ ಇಲಿಗಳಿಗೆ ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಕೊಟ್ಟಾಗ ಶ್ವಾಸಕೋಶದಲ್ಲಿ ಅದು ಹೆಚ್ಚು ಉಳಿಯಿತು. 2014ರ ಇನ್ನೊಂದರಲ್ಲಿ ಕ್ಲೆಬ್ಸಿಯೆಲ್ಲಾ ಅನ್ನುವ ಬೇರೆ ಬ್ಯಾಕ್ಟೀರಿಯಾ ಕೊಟ್ಟರೆ ಅಲರ್ಜಿ ಇಲಿಗಳಲ್ಲೇ ಅದು ಕಡಿಮೆ ಇತ್ತು, ಅಲ್ಲಿ ಬ್ಯಾಕ್ಟೀರಿಯಾ ನುಂಗುವ ಬಿಳಿ ರಕ್ತಕಣಗಳಾದ ನ್ಯೂಟ್ರೊಫಿಲ್‌ಗಳು ಚೆನ್ನಾಗಿ ಕೆಲಸ ಮಾಡಿದ್ದವು. ಯಾವ ಕ್ರಿಮಿ ಅನ್ನುವುದೂ ಮುಖ್ಯ. ಮನುಷ್ಯರ ಲೆಕ್ಕ ಬೇಕಾದರೆ, 2005ರಲ್ಲಿ ಪ್ರಕಟವಾದ ಅಮೆರಿಕದ ಟೆನೆಸಿಯ ಅಧ್ಯಯನದಲ್ಲಿ ಆಸ್ತಮಾ ಇರುವವರಿಗೆ ತೀವ್ರ ನ್ಯುಮೊಕಾಕಸ್ ಸೋಂಕಿನ ಅಪಾಯ ಎರಡು ಪಟ್ಟಿಗಿಂತ ಹೆಚ್ಚಿತ್ತು. ಹೆದರಬೇಡಿ, ಅವರಲ್ಲೂ ಅದು ವರ್ಷಕ್ಕೆ 10,000 ಜನರಲ್ಲಿ ಬೆರಳೆಣಿಕೆಯಷ್ಟು ಮಂದಿಗೆ.

ಹಾಸನದ_ಗೀತಕ್ಕ:
ಇನ್ಹೇಲರ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ ಕಣಮ್ಮಾ. ನಾನು ಯಾರದೋ ಮಾತು ಕೇಳಿ ಮಗಳಿಗೆ ನಿಲ್ಲಿಸಿದ್ದೆ, ಮೂರನೇ ವಾರಕ್ಕೆ ರಾತ್ರಿ ಹನ್ನೆರಡಕ್ಕೆ ಎಮರ್ಜೆನ್ಸಿಗೆ ಓಡಿದೆವು, ಆ ರಾತ್ರಿ ಇವತ್ತಿಗೂ ಮರೆತಿಲ್ಲ. ಊತ ಇಳಿದರೆ ತಾನೇ ಕಫ ಹೊರಬರುವುದು. ಪಫ್ ಆದಮೇಲೆ ಬಾಯಿ ಮುಕ್ಕಳಿಸಿಸಿ, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಫಂಗಸ್ ಬರಬಹುದು. ಇನ್ನೊಂದು, ಕಫ ಕಟ್ಟಿ ಶ್ವಾಸಕೋಶದ ಒಂದು ಭಾಗ ಮುದುಡಿದರೂ ಎಕ್ಸ್‌ರೇಯಲ್ಲಿ ನ್ಯುಮೋನಿಯಾದ ಹಾಗೇ ಬಿಳಿ ಕಾಣುತ್ತದೆ. ನನ್ನ ಮಗಳಿಗೆ ಒಂದು ಸಲ ಆಗಿದ್ದು ಅದೇ, ಸುಮ್ನೆ ಆ್ಯಂಟಿಬಯಾಟಿಕ್ ನುಂಗಿಸಿದ್ದೆವು. ಹಳೆಯ ಎಕ್ಸ್‌ರೇ ಎಲ್ಲ ಡಾಕ್ಟರಿಗೆ ತೋರಿಸಿ. ನ್ಯುಮೊಕಾಕಸ್ ತಡೆಯುವ ಪಿಸಿವಿ ಲಸಿಕೆ ದೇಶದ ಎಲ್ಲ ಕಡೆ ಸರ್ಕಾರದಿಂದ ಸಿಗತೊಡಗಿದ್ದು 2021ರಲ್ಲಿ. ನಿಮ್ಮವನಿಗೆ ಹಾಕಿಸಿದ್ದೀರಾ?

ತುಮಕೂರಿನ_ಅಮ್ಮ:
ಕಾರ್ಡ್ ತೆಗೆದು ನೋಡಿದೆ ಗೀತಕ್ಕ, ಪಿಸಿವಿ ಹಾಕಿಸಿಲ್ಲ. ಸೋಮವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ, ಎಕ್ಸ್‌ರೇ ಎರಡೂ ತೆಗೆದಿಟ್ಟಿದ್ದೇನೆ. ಅತ್ತೆಯನ್ನೂ ಕರೆದುಕೊಂಡು ಹೋಗುತ್ತೇನೆ, ಇನ್ಹೇಲರ್ ವಿಷಯ ಡಾಕ್ಟರ ಬಾಯಿಂದಲೇ ಕೇಳಲಿ.