ಅಂಗಾಲು ಉರಿಗೆ ಕಾರ್ಬನ್ ಡೈಆಕ್ಸೈಡ್ ಚಿಕಿತ್ಸೆ: ಮಾಡಿಸಿಕೊಂಡವರು ಇದ್ದರೆ ಹೇಳ್ರಿ

ಕೊಪ್ಪಳದ ಹುಡುಗ: ಅಪ್ಪನಿಗೆ 61. ಶುಗರ್ ಬಂದು 14 ವರ್ಷ. ರಾತ್ರಿ ಅಂಗಾಲು ಉರಿ ತಾಳಲಾರದೆ ಒದ್ದೆ ಟವೆಲ್ ಸುತ್ತಿಕೊಂಡು ಮಲಗುತ್ತಾರೆ. ಹೈದರಾಬಾದಿನಲ್ಲಿ ಒಂದು ಕಡೆ ಕಾಲಿಗೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಕೊಟ್ಟು ನರ ಸರಿಹೋಗುತ್ತಾ ಅಂತ ಪರೀಕ್ಷೆ ಮಾಡುತ್ತಿದ್ದಾರಂತೆ. ಸೇರಲು 20,000 ಕಟ್ಟಿ ಅಂದರು. ಸೇರಿಸಲಾ?

ಸಿಂಧನೂರಿನವ: ನಾನು ಹೋಗಿ ಬಂದವನು, ಕೇಳು ತಮ್ಮ. ಕಾಲು ಒದ್ದೆ ಮಾಡಿ, ಮೊಣಕಾಲವರೆಗೆ ಪ್ಲಾಸ್ಟಿಕ್ ಚೀಲ ಹಾಕಿ, ಬಾಯಿ ಬಿಗಿದು ಗ್ಯಾಸ್ ತುಂಬುತ್ತಾರೆ. ಅರ್ಧ ಗಂಟೆ. ಚರ್ಮ ಕೆಂಪಗಾಗಿ ಬೆಚ್ಚಗಾಗುತ್ತೆ. 12 ಸಲಕ್ಕೆ 1,400ರಂತೆ 16,800. ಲಾಡ್ಜ್ 14 ದಿನ, 9,800. ನನಗೂ ಹೆಂಡತಿಗೂ ಬಸ್ 2,400. ಊಟ 3,360, ಅದರಲ್ಲೂ ಮೊಸರನ್ನಕ್ಕೆ 90 ರೂಪಾಯಿ! ಒಟ್ಟು 32,360. ಭತ್ತದ ದುಡ್ಡು ಬಂದ ವಾರವೇ ಹೋಯಿತು. ಆದರೆ ಉರಿ ಹೋಯಿತು. ಆರು ತಿಂಗಳಾಯಿತು, ಕಂಬಳಿ ಹೊದ್ದು ಮಲಗುತ್ತೇನೆ.

ಬಳ್ಳಾರಿ ಅಕ್ಕ: ಉರಿ ಹೋದದ್ದು ಯಾಕೆ ಅಂತ ನೋಡಿಸಿದ್ದೀರಾ? ನಮ್ಮ ಮನೆಯವರಿಗೂ ಉರಿ ತಾನಾಗಿಯೇ ಹೋಗಿತ್ತು. ಗ್ಯಾಸೂ ಇಲ್ಲ, ಮದ್ದೂ ಇಲ್ಲ. ಖುಷಿಗೆ ಹೋಳಿಗೆ ಮಾಡಿದ್ದೆ. ಬೇಸಿಗೆಯಲ್ಲಿ ಹುಲಿಗೆಮ್ಮನ ಗುಡಿಗೆ ಹೋದೆವು. ಬರಿಗಾಲಲ್ಲಿ ಸುಡುವ ಕಲ್ಲಿನ ಮೇಲೆ ಆರಾಮಾಗಿ ನಿಂತಿದ್ದರು. ನಾನು ಕುಣಿಯುತ್ತಿದ್ದೆ, ಅವರು ನನ್ನನ್ನು ನೋಡಿ ನಗುತ್ತಿದ್ದರು. ಮನೆಗೆ ಬಂದಮೇಲೆ ನೆಲದ ಮೇಲೆ ಒದ್ದೆ ಹೆಜ್ಜೆ. ಅಂಗಾಲೆಲ್ಲ ಬೊಬ್ಬೆ ಎದ್ದು ಒಡೆದಿತ್ತು. 47 ದಿನ ಡ್ರೆಸ್ಸಿಂಗ್, ದಿನಕ್ಕೆ 250, ಅಂದರೆ 11,750. ಕೊನೆಗೆ ಕಿರುಬೆರಳು ತೆಗೆದರು, ಅದಕ್ಕೆ 38,000. ಆಮೇಲೆ ಗೊತ್ತಾಯಿತು, ನರ ಪೂರ್ತಿ ಸತ್ತರೂ ಉರಿ ನಿಲ್ಲುತ್ತೆ ಅಂತ. ಸ್ಪರ್ಶ ನೋಡಲು 10 ಗ್ರಾಂ ಬಲಕ್ಕೆ ಬಾಗುವ ನೈಲಾನ್ ದಾರ ಅಂಗಾಲಿಗೆ ಒತ್ತಿದರೆ ಇವರಿಗೆ ಗೊತ್ತೇ ಆಗಲಿಲ್ಲ. ಈಗ ಮನೆಯೊಳಗೂ ಎಂಸಿಆರ್ ಅನ್ನೋ ಮೆತ್ತನೆ ರಬ್ಬರಿನ ಚಪ್ಪಲಿ.

ಸಿಂಧನೂರಿನವ: ಅಕ್ಕಾ, ನಿಮ್ಮ ಕಷ್ಟಕ್ಕೆ ಬೇಜಾರಾಯಿತು. ಅದಕ್ಕೆ ನನ್ನ ಕಾಲಿಗೆ ಶಾಪ ಹಾಕಬೇಡಿ.

ಬಳ್ಳಾರಿ ಅಕ್ಕ: ಶಾಪ ಅಲ್ಲಪ್ಪಾ. ದಾರ ಒತ್ತಿ ನೋಡಿಸು ಅಂದೆ. 32,000 ಸುರಿದವನಿಗೆ ಇದೊಂದು ಭಾರವಾ?

ರಾಯಚೂರು ಕಾಂಪೌಂಡರ್, ನಿವೃತ್ತ: ಗ್ಯಾಸಿನ ಕೆಲಸ ಸುಳ್ಳಲ್ಲ. ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದ ಕಡೆ ರಕ್ತನಾಳ ಹಿಗ್ಗುತ್ತೆ, ರಕ್ತ ತನ್ನಲ್ಲಿರುವ ಆಮ್ಲಜನಕವನ್ನು ಅಲ್ಲಿ ಸಲೀಸಾಗಿ ಬಿಟ್ಟುಕೊಡುತ್ತೆ. ಆಮ್ಲಜನಕದ ಮಾತು ಬೋರ್ ಎಂಬ ವಿಜ್ಞಾನಿ 1904ರಲ್ಲೇ ಹೇಳಿದ್ದು. ಫ್ರಾನ್ಸಿನ ರುವಾಯಾದಲ್ಲಿ ಕಾಲಿನ ರಕ್ತನಾಳದ ತೊಂದರೆಗೆ ಈ ಗ್ಯಾಸಿನ ಸ್ನಾನ ಹಳೆಯ ಪದ್ಧತಿ. ಚರ್ಮಕ್ಕೆ ರಕ್ತ ಬಂತು ಅಂದರೆ ನರ ಚಿಗುರಿತು ಅಂತಲ್ಲ. ಪರೀಕ್ಷೆ ಬೇಕಾಗಿರುವುದೇ ಅದಕ್ಕೆ. ಸರಿಯಾದ ಪರೀಕ್ಷೆಯಾದರೆ ಕೆಲವರ ಚೀಲಕ್ಕೆ ಸುಮ್ನೆ ಗಾಳಿ ತುಂಬುತ್ತಾರೆ, ಯಾರಿಗೆ ಯಾವುದು ಅಂತ ಹೇಳುವುದಿಲ್ಲ. ಪರೀಕ್ಷೆಗೆ ಬಂದವರಿಂದ ಪರೀಕ್ಷೆಯ ಖರ್ಚು ಕೀಳಬಾರದು ಅಂತ ವೈದ್ಯಕೀಯ ಸಂಶೋಧನೆಯ ಸರ್ಕಾರಿ ಸಂಸ್ಥೆ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲೇ ಇದೆ. ದುಡ್ಡು ಕೇಳಿದರೆ ಅದು ವ್ಯಾಪಾರ. ಇಂಥ ಪರೀಕ್ಷೆಗಳ ಸರ್ಕಾರಿ ದಾಖಲೆ ಪಟ್ಟಿಯಾದ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ.

ನನ್ನದು ಬೇರೆ ಕಥೆ. 9 ವರ್ಷ ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ನುಂಗಿದೆ. ಕಾಲು ಜೋಮು, ಮೆಟ್ಟಿದ ಚಪ್ಪಲಿ ಜಾರಿ ಹಿಂದೆ ಬಿದ್ದರೂ ತಿಳಿಯದು. ನರದ ನೋವಿನ ಮಾತ್ರೆ ಪ್ರೀಗ್ಯಾಬಲಿನ್ ತಗೊಂಡರೆ ಹಗಲೆಲ್ಲ ತೂಕಡಿಕೆ, ಒಮ್ಮೆ ಮೀಟರ್ ಬಿಲ್ ಕಟ್ಟುವ ಸಾಲಿನಲ್ಲೇ ಗೊರಕೆ ಹೊಡೆದೆ. ಕೊನೆಗೆ ರಕ್ತದಲ್ಲಿ ವಿಟಮಿನ್ ಬಿ12 ನೋಡಿಸಿದರೆ 138, ತೀರ ಕಡಿಮೆ. ಆ ಶುಗರ್ ಮಾತ್ರೆಗೆ ಬಿ12 ಇಳಿಯುವುದು ಉಂಟು. ಸೂಜಿ ಹಾಕಿಸಿಕೊಂಡೆ, ಜೋಮು ಮುಕ್ಕಾಲು ಇಳಿಯಿತು. ಔಷಧಿ ಅಂಗಡಿಯಲ್ಲೇ 30 ವರ್ಷ ಇದ್ದವನಿಗೆ ಇದು ಹೊಳೆಯಲಿಲ್ಲ ನೋಡಿ!

ಗಂಗಾವತಿ ಶರಣ: ಇಷ್ಟೆಲ್ಲ ಯಾಕ್ರೀ? ಅನ್ನ ಬಿಟ್ಟು ಜೋಳದ ರೊಟ್ಟಿ ತಿನ್ನಿ, ಉರಿ ಓಡಿಹೋಗುತ್ತೆ. ನಾನು ಬಿಟ್ಟೆ.

ಬಳ್ಳಾರಿ ಅಕ್ಕ: ನಮ್ಮ ಮನೆಯವರು ಒಂದು ಊಟಕ್ಕೆ ಐದು ರೊಟ್ಟಿ ತಿನ್ನುತ್ತಿದ್ದರು. ಬೆರಳು ಉಳಿಯಲಿಲ್ಲ.

ಗಂಗಾವತಿ ಶರಣ: ಐದು ತಿನ್ನಿ ಅಂತ ನಾನು ಹೇಳಿದೆನಾ?

ಸಿಂಧನೂರಿನವ: ಗಂಗಾವತಿಯಲ್ಲಿ ಕೂತು ಅನ್ನ ಬಿಡಿ ಅನ್ನುತ್ತೀರಲ್ಲ, ನಮ್ಮ ಭತ್ತ ಕೊಳ್ಳುವವರು ಯಾರು?

ಗಂಗಾವತಿ ಶರಣ: ಭತ್ತದ ದುಡ್ಡನ್ನು ಗ್ಯಾಸಿಗೆ ಸುರಿದವರು ನನಗೆ ಲೆಕ್ಕ ಹೇಳಬೇಡಿ. ಜೊತೆಗೆ ಲಾಡ್ಜ್ ಬೇರೆ. ಹೈದರಾಬಾದಿನಲ್ಲಿ ನೆಂಟರಿಲ್ಲವಾ?

ಸಿಂಧನೂರಿನವ: ಇದ್ದಾರೆ. ಅವರ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ನನ್ನ ಕಾಲಲ್ಲಿ ನೀವು ಹತ್ತುತ್ತೀರಾ?

ಕೊಪ್ಪಳದ ಹುಡುಗ: ಕಾಂಪೌಂಡರ್ ಸರ್, ಫೋನ್ ಮಾಡಿ ಸಂಖ್ಯೆ ಕೇಳಿದೆ. ಮೊದಲು ಹಣ ಹಾಕಿ, ಆಮೇಲೆ ಕಳಿಸುತ್ತೇವೆ ಅಂದರು.

ಸಿಂಧನೂರಿನವ: ನನಗೂ ಹಾಗೇ ಅಂದಿದ್ದರು. ಇನ್ನೂ ಬಂದಿಲ್ಲ. ಆದರೆ ಉರಿ ಹೋಗಿದೆ, ಅದನ್ನು ಯಾರೂ ಅಲ್ಲಗಳೆಯಬೇಡಿ. ಅಕ್ಕಾ, ಆ ದಾರದ ಪರೀಕ್ಷೆ ಬಳ್ಳಾರಿಯಲ್ಲಿ ಎಷ್ಟು ತಗೊಳ್ತಾರೆ?