ಪದಚರ್ಚೆ: ಟ್ಯಾಬಿನಲ್ಲಿ ಬರೆದದ್ದು ‘ಕೈಚಿತ್ರ’ ಅಲ್ವಾ?

ಎಲ್ಲರಿಗೂ ನಮಸ್ಕಾರ.

ಉಡುಪಿಯ ಒಂದು ಯಕ್ಷಗಾನ ಸಂಘದ ಸ್ಮರಣ ಸಂಚಿಕೆಗೆ ಚಿತ್ರಗಳ ಅಡಿಬರಹ ಸಿದ್ಧ ಮಾಡುತ್ತಿದ್ದೇನೆ. ಕೆಲವು ಚಿತ್ರ ಕಾಗದದ ಮೇಲೆ ಶಾಯಿಯಲ್ಲಿ ಬರೆದವು. ಕೆಲವು ಟ್ಯಾಬಿನಲ್ಲಿ. ಕರಡಿನಲ್ಲಿ ಮೊದಲಿನವಕ್ಕೆ ‘ಕೈಚಿತ್ರ’, ಉಳಿದವಕ್ಕೆ ‘ಡಿಜಿಟಲ್ ಚಿತ್ರ’ ಎಂದು ಹಾಕಲಾಗಿತ್ತು. ಟ್ಯಾಬಿನಲ್ಲಿ ಬರೆದ ಹುಡುಗಿ ಅದನ್ನು ನೋಡಿ ಕೇಳಿಯೇಬಿಟ್ಟಳು: “ಹಾಗಾದ್ರೆ ನಾನು ಬರೆದದ್ದು ಕಾಲಿನಲ್ಲಾ ಸರ್?”

ಅವಳ ಮಾತಿನಲ್ಲಿ ನ್ಯಾಯ ಇದೆ. ಅವಳು ಬರೆದ ಕಿರೀಟದ ಗೆರೆ ದಪ್ಪವಾಗುವುದು, ಸಪೂರವಾಗುವುದು ಪೆನ್ನನ್ನು ಎಷ್ಟು ಒತ್ತುತ್ತಾಳೆ ಎಂಬುದರ ಮೇಲೆ. ಅತ್ತ ಕಾಗದದಲ್ಲಿ ಬರೆದವರು ಗೆರೆ ಮಾತ್ರ ಶಾಯಿಯಲ್ಲಿ ಎಳೆದು, ಸ್ಕ್ಯಾನ್ ಮಾಡಿ, ಬಣ್ಣವನ್ನೆಲ್ಲ ಕಂಪ್ಯೂಟರಿನಲ್ಲೇ ತುಂಬಿದ್ದಾರೆ. ಈಗ ಯಾವುದು ಕೈಚಿತ್ರ?

‘ಕೈಮಗ್ಗ’ ಎಂದರೆ ಗೊಂದಲವಿಲ್ಲ. ಉಡುಪಿ ಸೀರೆ ಕೈಮಗ್ಗದ್ದು ಎಂದರೆ ಎದುರಿಗೆ ವಿದ್ಯುತ್ ಮಗ್ಗ ಇದೆ, ಮಗ್ಗ ಓಡಿಸುವ ಶಕ್ತಿ ಯಾವುದು ಎಂಬುದೇ ಅಲ್ಲಿನ ವ್ಯತ್ಯಾಸ. ಚಿತ್ರದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ‘ಕರಕುಶಲ ಚಿತ್ರ’ ಎಂದರೆ ಮೇಳದಲ್ಲಿ ಮಾರುವ ಬುಟ್ಟಿ, ಗೊಂಬೆ ನೆನಪಾಗುತ್ತದೆ. ‘ಗಣಕಚಿತ್ರ’ ನನಗಂತೂ ಬ್ಯಾಂಕಿನ ಲೆಕ್ಕಪತ್ರದ ಹಾಗೆ ಕೇಳುತ್ತದೆ. ಡಿಜಿಟಲ್ ಪದದ ಬೇರು ಲ್ಯಾಟಿನ್ನಿನ ‘ಬೆರಳು’ ಎಂದು ಯಾರಾದರೂ ಬರೆಯುವ ಮೊದಲು ನಾನೇ ಹೇಳಿಬಿಡುತ್ತೇನೆ. ಸ್ವಾರಸ್ಯ ನಿಜ, ಅಡಿಬರಹಕ್ಕೆ ಉಪಯೋಗವಿಲ್ಲ.

ಈ ತೊಡಕು ಮಂಗಳೂರಿಗೆ ಹೊಸತೇನಲ್ಲ. 1843ರ ಜುಲೈ 1ರಂದು ಪಾದ್ರಿ ಹರ್ಮನ್ ಮೋಗ್ಲಿಂಗ್ ಶುರುಮಾಡಿದ ‘ಮಂಗಳೂರ ಸಮಾಚಾರ’ ಪತ್ರಿಕೆ ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ಬಂದದ್ದು. ಅಲ್ಲಿ ಮೊಳೆ, ಅಂದರೆ ಅಚ್ಚಿನ ಬಿಡಿ ಅಕ್ಷರ, ಜೋಡಿಸುವ ಕೆಲಸವಿಲ್ಲ. ಜಿಡ್ಡಿನ ಶಾಯಿಯಲ್ಲಿ ಕೈಯಿಂದ ಬರೆದ ಅಕ್ಷರವೇ ಕಲ್ಲಿನ ಮೇಲೆ ಇರುತ್ತದೆ. ಕಲ್ಲನ್ನು ಒದ್ದೆ ಮಾಡಿದರೆ ಜಿಡ್ಡು ಇರುವಲ್ಲಿ ನೀರು ನಿಲ್ಲುವುದಿಲ್ಲ, ಮಸಿ ಅಲ್ಲಿ ಮಾತ್ರ ಹಿಡಿಯುತ್ತದೆ. ಹಾಗಾಗಿ ಓದುಗರ ಕೈಗೆ ಬಂದದ್ದು ಕೈಬರಹವೂ ಹೌದು, ಅಚ್ಚೂ ಹೌದು. ಆದರೆ ಹಿಂದಿನವರು ಕೈಯೋ ಯಂತ್ರವೋ ಎಂದು ತಲೆಕೆಡಿಸಿಕೊಳ್ಳದೆ, ಯಾವುದರ ಮೇಲೆ ಮಾಡಿದ್ದು ಎಂಬುದನ್ನೇ ಹೆಸರು ಮಾಡಿದರು. ಕಲ್ಲಚ್ಚು, ಮೊಳೆಯಚ್ಚು. ನನಗೆ ಈ ದಾರಿಯೇ ಸರಿ ಅನ್ನಿಸುತ್ತದೆ. ‘ಶಾಯಿ, ಕಾಗದ’, ‘ಟ್ಯಾಬ್’, ‘ಶಾಯಿ ಗೆರೆ, ಕಂಪ್ಯೂಟರ್ ಬಣ್ಣ’ ಎಂದು ನೇರವಾಗಿ ಹಾಕಿದರೆ ಯಾರಿಗೂ ಬೇಜಾರಿಲ್ಲ.

ಇನ್ನೊಂದು ಸಂಗತಿ. ನಮ್ಮ ಕಡೆ ಆಡುಮಾತಿನ ಕ್ರಿಯಾಪದ ಈ ವ್ಯತ್ಯಾಸವನ್ನು ಆಗಲೇ ಹಿಡಿದಿದೆ. ಅಂಗಡಿಯವರು ಪೇಂಟರನ್ನು ಕರೆದು ಬೋರ್ಡ್ ‘ಬರೆಸುತ್ತಾರೆ’. ಫ್ಲೆಕ್ಸ್ ಆದರೆ ‘ಮಾಡಿಸುತ್ತಾರೆ’, ‘ಹಾಕಿಸುತ್ತಾರೆ’. ಫ್ಲೆಕ್ಸ್ ‘ಬರೆಸಿದೆ’ ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ. ಅದೇ ಟ್ಯಾಬಿನ ಹುಡುಗಿ ಮಾತ್ರ ‘ಬರೆದೆ’ ಎಂದೇ ಹೇಳುತ್ತಾಳೆ, ‘ಡಿಸೈನ್ ಮಾಡಿದೆ’ ಎನ್ನುವುದಿಲ್ಲ. ತುಳುವಿನಲ್ಲಿ ಮಾತಾಡುವಾಗಲೂ ‘ಬರೆಪುನಿ’ಯೇ. ಅಂದರೆ ಗೆರೆ ಎಳೆದವರಿಗೆ ‘ಬರೆ’, ಅಕ್ಷರ ಮತ್ತು ಫೋಟೋ ಜೋಡಿಸಿದವರಿಗೆ ‘ಮಾಡು’. ಕಾಗದವೋ ಗಾಜೋ ಎಂಬುದು ಮುಖ್ಯವೇ ಅಲ್ಲ.

ಇದು ಇನ್ನೂ ಜಾಸ್ತಿ ಉಪಯೋಗಕ್ಕೆ ಬಂದದ್ದು ಬೇರೆ ಕಡೆ. ಸಂಚಿಕೆಗೆ ಬಂದ ಒಂದು ಚಿತ್ರ ಎಐಗೆ ಹೇಳಿ ಪಡೆದದ್ದು. (ಮಹಿಷಾಸುರನಿಗೆ ಒಂದು ಕೈಯಲ್ಲಿ ಆರು ಬೆರಳು. ರಕ್ಕಸನಲ್ವಾ, ಇರಲಿ ಎಂದರು ಸಮಿತಿಯವರು.) ಅದರ ಕೆಳಗೆ ‘ಚಿತ್ರ: ಇಂಥವರು’ ಎಂದು ಹಾಕಲು ನನಗೆ ಮನಸ್ಸಿಲ್ಲ. ಬೇರೆಯವರಿಂದ ಮಾಡಿಸಿದ್ದು ಎಂದು ತೋರಿಸುವ ಕನ್ನಡದ ‘ಇಸು’ ಪ್ರತ್ಯಯ ಇಲ್ಲಿ ಒದಗುತ್ತದೆ: ‘ಬರೆದವರು’ ಬೇರೆ, ‘ಬರೆಸಿದವರು’ ಬೇರೆ. ‘ಎಐಯಿಂದ ಬರೆಸಿದವರು’ ಎಂದು ಹಾಕಿದರೆ ಸುಳ್ಳೂ ಅಲ್ಲ, ಅವಮಾನವೂ ಅಲ್ಲ. ಆದರೆ ಒಬ್ಬರ ತಕರಾರು ಹೀಗಿದೆ: ‘ಬರೆಸು’ ಎನ್ನಬೇಕಾದರೆ ಆ ಕಡೆ ಬರೆಯುವ ಒಂದು ಜೀವ ಇರಬೇಕು, ಯಂತ್ರಕ್ಕೆ ‘ಮಾಡಿಸು’ ಸಾಕು. ಫ್ಲೆಕ್ಸಿನ ಲೆಕ್ಕದಲ್ಲಿ ನೋಡಿದರೆ ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ.

ನಿಮ್ಮನ್ನು ಕೇಳಬೇಕಾದದ್ದು ಎರಡು. ಎಐ ಚಿತ್ರಕ್ಕೆ ‘ಬರೆಸಿದ್ದು’ ಒಪ್ಪುತ್ತದೆಯೇ, ‘ಮಾಡಿಸಿದ್ದು’ ಎನ್ನಬೇಕೇ? ಮತ್ತೆ, ಧಾರವಾಡದ ಕಡೆ ಚಿತ್ರ ‘ತೆಗೆಯುವುದು’ ಎಂದರೆ ಬರೆಯುವುದೇ ಎಂದು ಕೇಳಿದ್ದೇನೆ. ನಮಗೆ ‘ತೆಗೆಯುವುದು’ ಫೋಟೋ ಮಾತ್ರ. ಆ ಕಡೆಯವರು ಬೋರ್ಡಿಗೆ, ಫ್ಲೆಕ್ಸಿಗೆ ಯಾವ ಮಾತು ಬಳಸುತ್ತೀರಿ? ಸಂಚಿಕೆ ಮುಂದಿನ ವಾರ ಪ್ರೆಸ್ಸಿಗೆ ಹೋಗುತ್ತದೆ. ಅಷ್ಟರೊಳಗೆ ತಿಳಿಸಿದರೆ ಉಪಕಾರ.